ಒಂದು ಬಗೆಯ ಹಕ್ಕಿ

ಆಪ್ಷನಲ್ ಇಂಗ್ಲಿಷಿಗೆ ನಾವು ಮೂವರೇ.
ಪೊನ್ನಂಪೇಟೆಯ ಜೂನಿಯರ್ ಕಾಲೇಜು ನಮಗೆ ಕೊಟ್ಟದ್ದು
ಸ್ಪೋರ್ಟ್ಸ್ ರೂಮಿನ ಅರ್ಧ.
ಇನ್ನರ್ಧದಲ್ಲಿ ಹಾಕಿ ಸ್ಟಿಕ್ಕು,
ಗೋಲ್‌ಕೀಪರನ ಪ್ಯಾಡುಗಳ ಬೆವರು ವಾಸನೆ.
ಚೋಂದಮ್ಮ ಮಿಸ್ಸು ಆ ವಾಸನೆಯಲ್ಲೇ ನಿಂತು
ಹುಲ್ಲುಗಾವಲು, ಹಿಮ, ಚರ್ಚಿನ ಗಂಟೆ
ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತಿದ್ದರು.

ಪುಸ್ತಕ ಒಂದೇ. ಉಳಿದೆರಡು ಜೆರಾಕ್ಸ್.
ನನ್ನದರಲ್ಲಿ ಎಡಗಡೆಯ ಅಕ್ಷರಗಳೆಲ್ಲ
ಬೈಂಡಿಂಗಿನೊಳಗೆ ಹೂತುಹೋಗಿ
ಎಷ್ಟೋ ಸಾಲುಗಳ ಮೊದಲ ಪದ ನನ್ನದೇ ಊಹೆ.
ಇವತ್ತಿಗೂ ತಿದ್ದಿಕೊಂಡಿಲ್ಲ.

ಅರ್ಥಕ್ಕೆ ಗೋಣಿಕೊಪ್ಪದಲ್ಲಿ ಕೊಂಡ ಗೈಡು.
ಗುಲಾಬಿ ರಟ್ಟು, ಅರವತ್ತು ರೂಪಾಯಿ.
ಇಡೀ ಇಂಗ್ಲೆಂಡನ್ನು ಅದು ಮೂರೇ ಮಾತಲ್ಲಿ ಮುಗಿಸಿತ್ತು:
ಒಂದು ಬಗೆಯ ಹೂವು.
ಒಂದು ಬಗೆಯ ಮರ.
ಒಂದು ಬಗೆಯ ಹಕ್ಕಿ.
ಕವಿ ಒಂದು ಬಗೆಯ ಮರದ ಕೆಳಗೆ ಕೂತು
ಒಂದು ಬಗೆಯ ಹಕ್ಕಿಯ ಕೂಗು ಕೇಳಿ
ಬಿಕ್ಕಿ ಬಿಕ್ಕಿ ಅಳುತ್ತಾನೆ.
ಬಾಯಿಪಾಠ ಮಾಡಿದೆವು, ಐದು ಅಂಕಕ್ಕೆ.

ದೇಚಮ್ಮನಿಗೆ ನಗು.
ಮೊಣಕಾಲು ಸುಲಿದರೂ ಅಳದೆ ಆಟ ಮುಗಿಸುವವಳು,
ಹಕ್ಕಿಗೆ ಅಳುವುದೆಂದರೇನು?
ನಾನು ಟೈಲರನ ಮಗಳು, ನನಗೆ ಅಳತೆಯ ಚಿಂತೆ:
ಯಾವ ಸಾಲು ಉದ್ದ ಬಿಟ್ಟ,
ಎಲ್ಲಿ ಮಡಚಿ ಹೊಲಿದ.
ಚುಬ್ರ ಮಾತ್ರ ಏನೂ ಹೇಳುತ್ತಿರಲಿಲ್ಲ.

ಹಾಜರಿಯಲ್ಲಿ ಅವನು ವೈ. ಸಿ. ಚುಬ್ರ.
ವೈ ಅಂದರೆ ಯರವ. ಹೆಸರಿಗೂ ಮುಂಚೆ
ಯಾರೋ ಬರೆದಿಟ್ಟ ಅರ್ಥ, ಗೈಡಿನ ಹಾಗೆ.
ತಿತಿಮತಿಯಾಚೆಯ ಹಾಡಿಯಿಂದ ಬರಬೇಕು;
ರಸ್ತೆಗೆ ಆನೆ ಇಳಿದ ದಿನ
ಬಸ್ಸಿಲ್ಲ, ಅವನೂ ಇಲ್ಲ.

ಕಕ್ಕಡ ಮುಗಿದ ವಾರ ಒಂದು ದಿನ
ಅರ್ಧ ಪೀರಿಯಡ್ ಕಳೆದು ಬಂದ.
ಪ್ಯಾಂಟು ಮಂಡಿವರೆಗೆ ಒದ್ದೆ.
ಯಾಕೆ ಲೇಟು? ಮಿಸ್ಸು ಇಂಗ್ಲಿಷಿನಲ್ಲೇ ಕೇಳಿದರು.
ಇಂಗ್ಲಿಷಿನಲ್ಲೇ ಹೇಳಬೇಕು, ಅದು ಆ ಕೋಣೆಯ ಕಾನೂನು.
ಬಹಳ ಹೊತ್ತು ಒಳಗೆಲ್ಲ ಹುಡುಕಿ
ಹೇಳಿದ: ಒಂದು ಬಗೆಯ ಹಕ್ಕಿ, ಮಿಸ್.

ನಾವಿಬ್ಬರೂ ನಕ್ಕೆವು. ಮಿಸ್ಸು ನಗಲಿಲ್ಲ.
ಎಂಥ ಹಕ್ಕಿ?
ಇಂಗ್ಲಿಷಿನಲ್ಲಿ ಅವನ ಬಳಿ ಇರಲಿಲ್ಲ. ಕನ್ನಡದಲ್ಲೂ.
ತನ್ನ ಮಾತಿನಲ್ಲಿ ಹೆಸರು ಹೇಳಿದ
(ನನ್ನ ಕಿವಿಗೆ ಸಿಕ್ಕಿತು, ನೋಟ್ಸಿಗೆ ಸಿಗಲಿಲ್ಲ)
ಅದೂ ಸಾಲದು ಅನ್ನಿಸಿತೇನೋ,
ಕಿಟಕಿ ಕಡೆ ತಿರುಗಿ
ಸಿಳ್ಳೆ ಹಾಕಿದ.

ಯಾವ ರಾಗಕ್ಕೂ ಕಟ್ಟುಬೀಳದ ಸಿಳ್ಳೆ.
ಏರಿತು, ಏನೋ ಮರೆತಂತೆ ನಿಂತಿತು,
ಬೇರೆಲ್ಲಿಂದಲೋ ಶುರುವಾಯಿತು;
ಬೆಳಗಾಗುವ ಮೊದಲು ತೋಡಿನ ಬದಿ
ಕೆಲಸವಿಲ್ಲದವನೊಬ್ಬ ನಡೆದು ಹೋದಂತೆ.
ದೇಚಮ್ಮ ಪೆನ್ನು ತಿರುಗಿಸುವುದು ನಿಲ್ಲಿಸಿದಳು.
ಪಕ್ಕದ ಕಾಮರ್ಸ್ ಕ್ಲಾಸಿನಿಂದ
ಯಾರ್ರೀ ಅದು, ಎಂದು ಗದರಿದರು.

ಮಿಸ್ಸು ಬೋರ್ಡಿನ ಮೇಲಿದ್ದ ಅರ್ಥವನ್ನೆಲ್ಲ
ಸೆರಗಿನಿಂದಲೇ ಒರೆಸಿ
ಬೇರೇನನ್ನೂ ಬರೆಯಲಿಲ್ಲ.
ಸಫೂರಾ, ಪದ್ಯ ಮೊದಲಿಂದ ಓದು, ಅಂದರು.
ಓದಿದೆ. ಊಹಿಸಿದ ಪದಗಳ ಸಮೇತ.

ಚುಬ್ರ ಇಂಗ್ಲಿಷಿನಲ್ಲಿ ಪಾಸಾದ,
ಇತಿಹಾಸದಲ್ಲಿ ಡುಮ್ಕಿ. ಮತ್ತೆ ಕಟ್ಟಿದನೋ ಇಲ್ಲವೋ.
ಬಹಳ ವರ್ಷದ ಮೇಲೆ, ಹಳೇ ಪೇಪರಿನ ಅಂಗಡಿಯಲ್ಲಿ
ಯಾವುದೋ ಬಂಗಲೆಯಿಂದ ತೂಕಕ್ಕೆ ಬಂದ ಪುಸ್ತಕ ತೆರೆದೆ.
ತೋಡಿನ ಬದಿಯ ಕಡುನೀಲಿ ಹಕ್ಕಿ.
ಇಲ್ಲಿ ಕಾಫಿ ನೆಟ್ಟ ದೊರೆಗಳು ಅದನ್ನು ಕರೆಯುತ್ತಿದ್ದದ್ದು:
ಸಿಳ್ಳೆ ಹಾಕುವ ಸ್ಕೂಲ್ ಹುಡುಗ.
ಯಾವ ಸ್ಕೂಲಿನ ಯಾವ ಹುಡುಗ
ಅವರ ಮನಸ್ಸಲ್ಲಿದ್ದನೋ.

ಜೆರಾಕ್ಸ್ ಇನ್ನೂ ಇದೆ, ಶಾಯಿ ಮಾಸಿದೆ.
ಆ ಪುಟದ ಅಂಚಿನಲ್ಲಿ ಅಪ್ಪನ ನೀಲಿ ಚಾಕಿನ ಒಂದು ಗೆರೆ:
ಏರು, ತಡೆ, ಒಂದಿಷ್ಟು ಖಾಲಿ ಜಾಗ,
ಮತ್ತೆ ಏರು.
ಪಕ್ಕದಲ್ಲಿ ಅಳತೆ ಬರೆದಿಲ್ಲ.