ಹೊಗಿ ತೋರಿಸಿದ ದಿಕ್ಕು

ಎಂಜಿನ್ನು ಹಿಂದ, ರೇಡಿಯೇಟರ್ ಮುಂದ.
ಇದೆಂಥಾ ಮನಿಯಪ್ಪಾ, ಅಂದ ಲಾಡ್ಲೇಸಾಬ,
ಒಲಿ ಹಿತ್ತಲದಾಗ, ನೀರಿನ ಕೊಡ ತಲಬಾಗಿಲದಾಗ!

ಕುಸುಬಿ ಹೂವಿನ ಬಣ್ಣದ ಕಾರು
ನೆಲಕ್ಕ ಹೊಟ್ಟಿ ಹಚ್ಚಿ ನಿಂತಿತ್ತು
ಅಥಣಿ ರೋಡಿನ ನಮ್ಮ ಶೆಡ್ಡಿನ ಮುಂದ,
ಬಾಯಿಂದ ಹಸಿರು ನೀರು ಸುರಿಸಿಕೋತ.
ಪುಣೆದಿಂದ ಮೂರನೇ ಕೈಗೆ ಬಂದದ್ದು.
ಅಲ್ಲಿ ಮಳಿ ಕಂಡಿತ್ತು. ಇಲ್ಲಿ ಏಪ್ರಿಲ್ ಕಂಡಿತು.

ಸಾವುಕಾರ್ರು ತಿಕೋಟಾದ ಶಾಂತವೀರಪ್ಪ.
ಊರ ಒಣದ್ರಾಕ್ಷಿಯೆಲ್ಲಾ ಅವರ ಕೋಲ್ಡ್ ಸ್ಟೋರೇಜಿನ್ಯಾಗ
ನಾಲ್ಕು ಡಿಗ್ರಿಯ ಕೌದಿ ಹೊದ್ದು ಮಲಗತೈತಿ.
ಸಾವಿರ ಟನ್ನು ತಣ್ಣಗಿಟ್ಟವರಿಗೆ
ಇದೊಂದನ್ನ ತಣ್ಣಗಿಡಾಕ ಆಗವಲ್ದು,
ತೊರವಿ ದಾಟೂದ್ರಾಗ ಮುಳ್ಳು ಕೆಂಪಿಗೆ.

ಹಳೇವು ಎರಡೂ ಇಳಿಸಿದ್ವಿ, ಎಡಕೊಂದು ಬಲಕೊಂದು.
ಪ್ಲಾಸ್ಟಿಕ್ ತಲಿ ಸೀಳಿತ್ತು.
ಸಂದಿಯೊಳಗ ಜೋಳದ ಹೊಟ್ಟು, ಜೇನಹುಳದ ರೆಕ್ಕಿ,
ಯಾರದೋ ಮದುವಿಯ ಒಂದು ಅಕ್ಕಿಕಾಳು,
ಅರಿಷಿಣ ಇನ್ನೂ ಹೋಗಿರಲಿಲ್ಲ.

ಲಾಡ್ಲೇಸಾಬನದು ಹಿತ್ತಾಳಿಗೆ ಪಳಗಿದ ಕೈ.
ನಲವತ್ತು ವರ್ಷ ಸೋರೂ ಲಾರಿಗಳಿಗೆ
ಕಾದ ತಾಮ್ರದ ಕೊಕ್ಕಿನಿಂದ ಸೀಸ ಉಣಿಸಿದ ಕೈ.
ಹೊಸಾವು ಅಲ್ಯೂಮಿನಿಯಂ, ಎರಡಂಗುಲ ದಪ್ಪ.
ಪೆಟ್ಟಿಗಿ ಬಿಚ್ಚಿ ಎತ್ತಿ ನೋಡಿದ.
ಕಟಗ ರೊಟ್ಟಿಯಷ್ಟು ಹಗುರ.
ಇದು ನನ್ನ ಬೆಸುಗಿ ಹಿಡಿಯೂದಿಲ್ಲ, ಸಿದರಾಯ, ಅಂದ.
ಆಮ್ಯಾಲ ಭಾಳ ಹೊತ್ತು ಏನೂ ಅನ್ನಲಿಲ್ಲ.

ಫ್ಯಾನು ನನ್ನ ಪಾಲು.
ರಿಲೇ, ಮೂವತ್ತು ಆಂಪಿನ ಫ್ಯೂಜು, ದಪ್ಪ ವೈರು,
ನಾನೇ ಬಗ್ಗಿಸಿ ಕೊರೆದ ಪಟ್ಟಿ.
ಕರಿದು ಕೆಂಪು ನೋಡಿಯೇ ಜೋಡಿಸಿದೆ.
ನೋಡಿದ್ದೆ ಅಂತ ಈಗೂ ಅಂತೀನಿ.

ಚಾಲೂ ಮಾಡಿದರ
ರಾಶಿ ಯಂತ್ರದಂಗ ಗುಂಯ್ ಅಂದವು ಫ್ಯಾನು.
ನಾ ಎದಿ ಸೆಟೆಸಿ ಸಾವುಕಾರರನ್ನ ನೋಡಿದೆ.
ಅವರು ಮುಳ್ಳನ್ನ ನೋಡಾಕತ್ತಿದ್ರು.
ಅದು ಅವಸರ ಮಾಡದ
ಕೆಂಪಿನ ಕಡೆ ನಡೆದಿತ್ತು.

ಒಳಗ ಗಾಳಿ ಕುಂತೈತಿ, ಅಂದ ಲಾಡ್ಲೇಸಾಬ.
ಸಪಾಟ ಊರು ನಮ್ಮದು, ಏರು ಹುಡುಕಬೇಕು.
ಕೋಟಿ ಗೋಡಿಯ ಕಂದಕದ ದಿಬ್ಬಕ್ಕ ದಬ್ಬಿಕೊಂಡು ಹೋಗಿ
ಕಾರಿನ ಮೂಗು ಆಕಾಶಕ್ಕ ಎತ್ತಿ ನಿಲ್ಲಿಸಿದ್ವಿ.

ಆದಿಲಶಾಹಿಯವರು ತೊರವಿಯಿಂದ ಊರಿಗೆ ನೀರು ತಂದ್ರಲ್ಲ,
ನಡನಡುವ ಗಂಜ್ ಯಾಕ ಕಟ್ಟಿದ್ರು ಹೇಳು?
ನೀರಿನ ಸಂಗಾಟ ನುಸುಳಿ ಬಂದ ಗಾಳಿ
ಅಲ್ಲಿ ಒಂದೀಟು ಕುಂತು ಉಸಿರು ಬಿಡಲಿ ಅಂತ.
ಹೇಳಿಕೋತ ಪಾನಾ ತಿರುವಿದ.
ಬುಸ್ ಅಂತು, ಮತ್ತ ಬುಸ್ ಅಂತು,
ಆಮ್ಯಾಲ ಹನಿ, ಆಮ್ಯಾಲ ಹಸಿರು ದಾರ.

ಆದರೂ ನಿಂತಲ್ಲೇ ಕಾಯತಿತ್ತು.

ಬೀಡಿ ಹಚ್ಚಿದ.
ಜಾಳಿಗಿ ಮುಂದ ಕುಕ್ಕರಗಾಲಿಲೆ ಕುಂತು
ಒಂದು ಬಾಯಿ ಹೊಗಿ ಬಿಟ್ಟ.
ಹೊಗಿ ಒಳಗ ಹೋಗಲಿಲ್ಲ.
ತಿರುಗಿ ಬಂದು ಅವನ ಗಡ್ಡದಾಗ ಸಿಕ್ಕಿತು.
ಇನ್ನೊಂದು ಬಿಟ್ಟ. ಅದೂ ಬಂತು.

ಕಾರು ಓಡಿದರ ಎದುರಿನ ಗಾಳಿ ಒಳಗ ಬರತೈತಿ,
ನಿನ್ನ ಫ್ಯಾನು ಹೊರಗ ದಬ್ಬತಾವ.
ಒಂದ ಬಾಗಿಲದಾಗ ಇಬ್ಬರು ಬೀಗರು ನಿಂತು
ನೀವು ಬರ್ರಿ, ನೀವು ಬರ್ರಿ, ಅಂದಂಗ.
ಊಟ ಆರಿ ಹೋತು.

ಎಲ್ಲಾರ ಮುಂದ ಹೇಳಲಿಲ್ಲ, ನನ್ನ ಕಿವಿಯಾಗ ಹೇಳಿದ.
ಎರಡು ವೈರು ಅದಲು ಬದಲು.
ಒಂದು ಚಾದ ಹೊತ್ತು ಸೈತ ಹಿಡೀಲಿಲ್ಲ.
ಈ ಸಲ ಹೊಗಿ ಸೀದಾ ಒಳಗ ಹೋತು,
ತವರಿಗೆ ಹೊಂಟ ಹುಡಿಗಿಯಂಗ ಹಿಂದ ನೋಡದ.

ಮಟಮಟ ಮಧ್ಯಾಹ್ನ ತೊರವಿಗೆ ಹೋಗಿ ಬಂದ್ರು ಸಾವುಕಾರ್ರು.
ಮುಳ್ಳು ನಟ್ಟನಡುವ ನಿಂತಿತ್ತಂತ.
ನಕ್ಕೋತ ಎರಡು ಸೇರು ಒಣದ್ರಾಕ್ಷಿ ಕೊಟ್ಟರು,
ತಣ್ಣಗಿದ್ದವು.

ಬಿಲ್ಲಿನ್ಯಾಗ ಲಾಡ್ಲೇಸಾಬ ಬರೆದಿದ್ದ,
ರೇಡಿಯೇಟರ್ ಎರಡು, ಫ್ಯಾನು ಎರಡು,
ಗಾಳಿ ತಗೆದದ್ದು.
ಅದರಾಗ ನಂದೆಷ್ಟು ಅಂತ ಬರೆದಿರಲಿಲ್ಲ.

ಆಗಲೇ ಇಂಡಿ ಕಡೀ ಲಾರಿಯೊಂದು ಬಂದು ನಿಂತಿತು,
ಸೋರಿಕೋತ, ಉಗಿ ಬಿಟ್ಟುಕೋತ.
ಬಾನೆಟ್ ಎತ್ತಿ ಇಣುಕಿದ,
ಉಗುರಿಲೆ ಕೆರೆದ.
ಹಿತ್ತಾಳಿ, ಅಂದ.
ಒಲಿ ಹಚ್ಚು ಸಿದರಾಯ, ಹಿತ್ತಾಳಿ.