ಅಡ್ಡಗೆರೆ

ನನ್ನೂರು ವೂಚ್. ಹೆಸರಿನ ಅರ್ಥ ದೋಣಿ.
ಊರೊಳಗೆ ನದಿಯೇ ಕಾಣುವುದಿಲ್ಲ.
ಗಿರಣಿಗಳ ಕಾಲದಲ್ಲಿ ಅದನ್ನು ನೆಲದಡಿಗೆ ನೂಕಿ
ಮೇಲೆ ಕಲ್ಲು ಹಾಸಿದರು.
ಹೀಗಾಗಿ ಇಲ್ಲಿ ಹುಟ್ಟಿದವರಿಗೆ
ಕಾಣದ್ದನ್ನು ಹುಡುಕುವ ಚಟ.

ನನಗದು ತುಸು ಜಾಸ್ತಿ.
ಟ್ರಾಮ್ ಟಿಕೆಟ್ಟಿನ ಬೆನ್ನಿನ ಮಾಸಲು ನೇರಳೆ,
ಔಷಧಿ ಅಂಗಡಿಯ ಹಸಿರು ಶಿಲುಬೆ,
ಅದರ ಎಡತೋಳು ಮೂರು ವಾರದಿಂದ ಕೆಟ್ಟು
ಮಿಣಮಿಣ ಅನ್ನುತ್ತಿರುವುದು,
ಬ್ರೆಡ್ಡಿಗೆ ಬೇಕರಿಯವರು ಅಂಟಿಸಿದ ಕಾಗದದ ಬಿಲ್ಲೆ
ಸುಟ್ಟ ಹಿಟ್ಟಿನ ಸಮೇತ.
ಎಲ್ಲವನ್ನೂ ಫೋನಿನಲ್ಲಿ ಹಿಡಿದು
ಒಂದು ಫೋಲ್ಡರಿಗೆ ಸುರಿಯುತ್ತೇನೆ.
ಅದರ ಹೆಸರು ‘ಇರಲಿ’.

ಇರಲಿಯೊಳಗೆ ಹನ್ನೊಂದು ಸಾವಿರ ಚಿತ್ರ.
ಹವಾಮಾನ ಹೇಳುವವಳ ಹಳದಿ ಕೋಟು
ನಕಾಶೆಯ ಮೋಡಕ್ಕೆ ತಾಗಿದ ಕ್ಷಣ.
ರಾತ್ರಿ ಎರಡಕ್ಕೆ, ಯಾವುದೋ ಜಾಲತಾಣದಲ್ಲಿ
ಪುಟ ಬಾರದೆ ಗಿರಕಿ ಹೊಡೆಯುತ್ತಿದ್ದ ಐದು ಚುಕ್ಕಿ.
ಪುಟ ಕೊನೆಗೂ ಬರಲಿಲ್ಲ. ಚುಕ್ಕಿ ಚೆನ್ನಾಗಿದ್ದವು.

ಐಡಿಯಾ ಎಲ್ಲಿಂದ ಬರುತ್ತೆ ಬೊಗ್ನಾ,
ಕೇಳುತ್ತಾರೆ ಗಿರಾಕಿಗಳು.
ಕತ್ತೆತ್ತಿ ನಡೆಯುವುದರಿಂದ, ಅನ್ನುತ್ತೇನೆ.
ಹೌದೌದು ಎಂದು ತಲೆದೂಗಿ
ಲೋಗೋ ಒಂಚೂರು ದೊಡ್ಡದು ಮಾಡಿ, ಅನ್ನುತ್ತಾರೆ.

ಕತ್ತೆತ್ತುವುದನ್ನು ಕಲಿಸಿದವನು
ಕೆಳಮನೆಯ ವ್ಯೆಂಚಿಸ್ವಾಫ್.
ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವನು,
ಏಣಿಯ ಮೇಲೆ ನಿಂತೇ ಸೇಬು ತಿನ್ನುತ್ತಿದ್ದವನು.
ನಮ್ಮ ಲಿಪಿಯಲ್ಲೊಂದು ಅಕ್ಷರವಿದೆ:
ನೆಟ್ಟಗೆ ನಿಂತ ಕೋಲು, ನಡುವಿಗೊಂದು ಅಡ್ಡಗೆರೆ.
ಗೆರೆ ಇಲ್ಲದಿದ್ದರೆ ಲ, ಎಳೆದರೆ ವ.
ಉಳಿದವರು ಅದನ್ನು ಕಡ್ಡಿಯಂತೆ ಗೀಚುತ್ತಿದ್ದರು.
ಇವನು ಕುಂಚ ಓರೆ ಮಾಡಿ, ಉಸಿರು ಹಿಡಿದು
ಗಾಳಿಗೆ ಹಾರಿದ ಮಫ್ಲರಿನಂತೆ ಬಿಡುತ್ತಿದ್ದ.
‘ಚಳಿ ಸೀಮೆ ಕಣೇ.
ಅಕ್ಷರವೇನು ಕಲ್ಲೇ?’

ಫೆಬ್ರವರಿಯ ಒಂದು ಸಂಜೆ
ನಮ್ಮ ಕಟ್ಟಡದ ಬಾಗಿಲಿಗೆ ಕಪ್ಪಂಚಿನ ಕಾಗದ.
ಸತ್ತವರ ಹೆಸರು ಹೀಗೆ ಅಂಟಿಸುವುದು ಇಲ್ಲಿನ ರೂಢಿ.
ಅವನದೇ ಹೆಸರು.
ಅಚ್ಚಿನವನ ಫಾಂಟಿನಲ್ಲಿ ಆ ಅಕ್ಷರ ಇರಲಿಲ್ಲವೇನೋ,
ಕಂಪ್ಯೂಟರು ಬೇರೊಂದರಿಂದ ಕಡ ತಂದು ಕೂರಿಸಿತ್ತು:
ದಪ್ಪ, ಗಿಡ್ಡ,
ಯಾರದೋ ಕೋಟು ತೊಟ್ಟು ಮದುವೆಗೆ ಬಂದವನ ಹಾಗೆ
ಅವನ ಹೆಸರಿನ ಮಧ್ಯೆಯೇ ಅದು ಮುದುರಿ ನಿಂತಿತ್ತು.
ಎಡಕ್ಕೆ ಎರಡು ಕೂದಲೆಳೆ ಸಂದು ಹೆಚ್ಚು,
ಬಲಕ್ಕೆ ಸಾಲದು.
ಅಳಬೇಕಾದ ಹೊತ್ತಿನಲ್ಲಿ
ಅಳೆಯುತ್ತ ನಿಂತಿದ್ದೆ.

ರಾತ್ರಿ ಇರಲಿಯನ್ನು ತಡಕಿದೆ.
ಸಾಬೂನಿನ ಅಂಗಡಿ, ಮೊಬೈಲ್ ರಿಪೇರಿಯವರು
ಪ್ಲಾಸ್ಟಿಕ್ ಹಾಳೆ ಹೊದಿಸುವ ಹಿಂದಿನ ದಿನದ್ದು.
ಎರಡೂವರೆ ಅಡಿಯ ನೀಲಿ ಅಕ್ಷರ,
ಮಫ್ಲರು ಹಾರುತ್ತಲೇ ಇತ್ತು.
ಕತ್ತರಿಸಿದೆ, ಕಪ್ಪು ಮಾಡಿದೆ,
ಹೆಸರಿನೊಳಗೆ ಇಳಿಸಿದೆ. ಒಗ್ಗಲಿಲ್ಲ.
ಹಾಗಾಗಿ ಉಳಿದ ಅಕ್ಷರಗಳನ್ನೆಲ್ಲ ಬದಲಿಸಿದೆ,
ಒಂದಕ್ಕಾಗಿ ಹತ್ತನ್ನು.
ದೊಡ್ಡದು ಮಾಡಿ ನೋಡಿದಾಗ
ಗೆರೆಯ ತುದಿಯಲ್ಲಿ ಕುಂಚದ ಒಂದು ಕೂದಲು
ಬಣ್ಣದೊಳಗೇ ಅಂಟಿ ಉಳಿದಿತ್ತು.
ಅಳಿಸಲು ಬೆರಳೆತ್ತಿದೆ.
ಅಳಿಸಲಿಲ್ಲ.

ಬೆಳಗಿನ ಐದಕ್ಕೆ ಹಿಟ್ಟಿನ ಅಂಟು ಕಲಸಿ
ಹಳೆಯದರ ಮೇಲೆ ಹೊಸತು ಅಂಟಿಸುವಾಗ
ಮೂರನೇ ಮಹಡಿಯ ಪೆಲಾಗ್ಯಾ ಅಜ್ಜಿ
ನಾಯಿ ಹಿಡಿದು ಇಳಿದಳು.
‘ಸಮಯ ಬದಲಾಯಿತೇ?’
ಇಲ್ಲ, ಅದೇ. ಗುರುವಾರ, ಹನ್ನೊಂದಕ್ಕೆ.
‘ಮತ್ತೇನು ಬದಲಾಯಿತು?’
ನನ್ನ ಬಾಯಿಗೆ ಮಾತು ಬರಲಿಲ್ಲ.

ಕನ್ನಡಕ ಸರಿಪಡಿಸಿ ನಿಧಾನ ಓದಿದಳು.
ನಾಯಿ ಜಗ್ಗಿತು, ನಾಲ್ಕು ಹೆಜ್ಜೆ ಹೋದಳು,
ತಿರುಗಿ ಬಂದು, ಕೈಗವಸಿನ ತುದಿಯಿಂದ
ಹೆಸರಿನ ಮೇಲಿನ ಆ ಕೂದಲನ್ನು ತೆಗೆಯಹೋದಳು.
ಒಮ್ಮೆ. ಇನ್ನೊಮ್ಮೆ.
ಅದು ಬರಲಿಲ್ಲ.
‘ಇರಲಿ ಬಿಡು,’ ಅಂದಳು.