ಎರಡು ಲಕ್ಕುಂಡಿ

ಇಪ್ಪತ್ತೆರಡು ವರ್ಷ ಹುಬ್ಬಳ್ಳಿ–ಹೊಸಪೇಟಿ ಗಾಡ್ಯಾಗ
ಸೀಟಿ ಊದಿದವರು
ಇವತ್ತ ಕಿಟಕಿ ಬಾಜೂಕ ಕುಂತಾರ,
ಕೈ ಎಲ್ಲಿಡಬೇಕು ತಿಳೀವಲ್ದು.
ತೊಡಿಮ್ಯಾಲ ಇಟ್ರು, ಮುಂದಿನ ಕಂಬಿ ಹಿಡದ್ರು,
ಕಡೀಕ ನನ್ನ ಚೀಲ ಇಸಗೊಂಡು ಎದಿಗವಚಿಕೊಂಡ್ರು.

"ಎರಡು ಲಕ್ಕುಂಡಿ" ಅಂದ್ರು, ಗಾಡಿಗೆಲ್ಲ ಕೇಳೂಹಂಗ.
ಕಂಡಕ್ಟರ್ ಹುಡುಗಿ ನಕ್ಕಳು:
"ನಿಮ್ದು ಪಾಸ್ ಐತಿ ಅಣ್ಣಾರ, ಅಕ್ಕಾರದು ಸೊನ್ನಿ,
ಯಾವ ಎರಡು ಕೊಡ್ಲಿ?"
ನನ್ನ ಸೊನ್ನಿ ಟಿಕೆಟ್ ಇವರೇ ಓದಿದ್ರು,
ತಾರೀಖು, ಹೊತ್ತು, ಹತ್ತಿದ ಊರು, ಇಳಿಯೂ ಊರು,
ಯಾರದೋ ಲಗ್ನಪತ್ರ ಓದಿದಂಗ.

ನಲವಡಿ ದಾಟಿದ ಮ್ಯಾಲ ಹೊಲಾ ಎಲ್ಲ ಕಡ್ಲಿ.
ನಾ ಹಸರು ನೋಡಾಕತ್ತಿದ್ದೆ, ಇವರು ಸ್ಟಾಪು.
ಇಲ್ಲಿ ಒಬ್ಬಾಕಿ ಗಾಡ್ಯಾಗ ಹಡದಿದ್ಲು.
ಇಲ್ಲಿ ಒಬ್ಬಾವ ಆಡಿನ ಮರೀಗೆ ಅರ್ಧಾ ಟಿಕೆಟ್ ಕೇಳಿದ್ದ.
ಲಕ್ಕುಂಡಿಯೊಳಗ?
"ಲಕ್ಕುಂಡಿ ಎರಡು ನಿಮಿಷ.
ಗುಡಿ ಅಲ್ಲೆಲ್ಲೋ ಒಳಗ ಅದಾವಂತ."

ಅದಾವು.
ಕಾಶಿವಿಶ್ವನಾಥನ ಎದುರು ಸೂರ್ಯನ ಗುಡಿ,
ನಡುವ ಒಂದು ಕಟ್ಟಿ,
ಬಾಗಲಕ್ಕ ಬಾಗಲ ಹಚ್ಚಿ ಎದುರಾಬದುರಾ ಕುಂತಾವು,
ಜಗಳಾಡಿ ಊಟಕ್ಕ ಕುಂತ ಗಂಡಹೆಂಡ್ತಿ ಹಂಗ,
ಯಾರು ಮೊದಲ ಮಾತಾಡ್ತಾರ ನೋಡೂಣು ಅಂತ.
ಕಂಬ ನುಣ್ಣಗ, ಕರ್ರಗ,
ನನ್ನ ಮುಖಾ ಕಂಡಿತು ಅದರಾಗ, ಅಡ್ಡಡ್ಡ ಅಗಲ.
ಇವರೂ ಬಗ್ಗಿ ಕ್ರಾಪು ತಿದ್ದಿಕೊಂಡ್ರು,
ಕೂದಲಿಲ್ಲ ಅನ್ನೂದ ಮರತು.

ಮುಸುಕಿನ ಬಾವಿ ಇಳೀತಾ ಇಳೀತಾ
ತಂಪು ಏರಿ ಬರತಿತ್ತು, ಹಿಮ್ಮಡದಿಂದ ಮೊಣಕಾಲಿಗೆ.
"ಒಳಗ ಸರೀರಿ, ಒಳಗ ಸರೀರಿ" ಅಂದ್ರು ಸಾಲಿ ಹುಡುಗೂರಿಗೆ,
ರೂಢಿ ನೋಡ್ರಿ.
ಹುಡುಗೂರು ಸರದೂ ಬಿಟ್ವು.
ಒಂದು ಕಪ್ಪಿ ಇವರನ್ನ ನೋಡಿ
ಟಿಕೆಟ್ ತಗೊಳ್ಳದವನಹಂಗ ನೀರಿಗೆ ಜಿಗೀತು.

ಗದಗಿಗೆ ಬಂದಾಗ ಒಂದೂವರಿ. ಗಿರ್ಮಿಟ್ಟು ಒಂದ ಪ್ಲೇಟು,
ಮಿರ್ಚಿ ಎರಡು. ಎಣ್ಣಿ ಕುಡದ ಪೇಪರಿನ್ಯಾಗ
ಆಕಡಿ ಸುದ್ದಿ ಈಕಡಿ ಕಾಣತಿತ್ತು.
ಹಂಗ ಬೆಟಗೇರಿಗೆ ಸೀರಿ ನೋಡಾಕ ಹೊಂಟ್ವಿ.
ಮೂಲ್ಯಾಗ ಒಂದು ಸಾವಜಿ ಖಾನಾವಳಿ.
ಗಲ್ಲೆಮ್ಯಾಲಿನ ಮುದುಕ ಎದ್ದ ನಿಂತ:
"ಫಕ್ಕೀರಪ್ಪಾರ! ಬರ್ರಿ ಬರ್ರಿ,
ಖೈಮಾ ಈಗ ಇಳಿಸೀವಿ. ದಿನದಂಗ ಒಂದ ಪ್ಲೇಟ?"

ದಿನದಂಗ.

ಬಾಜೂ ಮನ್ಯಾಗ ತತ್ತಿ ಒಡದ್ರ
ಕಿಟಕಿ ಮುಚ್ಚೂ ಮನೆತನ ನಮ್ದು.
ಇವರು ಗ್ವಾಡಿಮ್ಯಾಲಿನ ದರಪಟ್ಟಿ
ಪರೀಕ್ಷಾಕ್ಕ ಓದಿದಂಗ ಓದಾಕತ್ತಿದ್ರು.
ನನಗ ನೆನಪಾದದ್ದು ಲವಂಗ.
ಡ್ಯೂಟಿ ಮುಗಿಸಿ ಬಂದಾಗೊಮ್ಮೆ ಬಾಯಾಗ ಲವಂಗ,
ಬೀಡಿ ಸೇದ್ತಾರ ಅಂತ ತಿಳಕೊಂಡು
ಎಷ್ಟ ಸೋಮವಾರ ಒಪ್ಪತ್ತ ಮಾಡೀನಿ ಶಿವನೆ!

ಹೋಗಿ ಕುಂತೆ.
ನನಗ ಬದ್ನಿಕಾಯಿ, ರೊಟ್ಟಿ.
ಇವರಿಗೆ ಇವರದು.
ನಡುವ ನೀರಿನ ತಂಬಗಿ, ಎದುರಾಬದುರಾ.
ನಾನ ಮೊದಲ ಮಾತಾಡಿದೆ:
"ಮೂಗು ಸೋರಾಕತ್ತೇತಿ, ಒರಸ್ಕೋರಿ."
ಟೇಬಲ್ಲು ಒಂದೀಟು ವಾರಿ ಇತ್ತು,
ಕೆಂಪು ಎಣ್ಣಿ ತಾಟಿನ ಅಂಚು ದಾಟಿ ನನ್ನ ಕಡೆ ಹರದು ಬಂತು.
ರೊಟ್ಟಿ ತುದಿ ಅದಕ್ಕ ತಾಗಿತೋ ಇಲ್ಲೋ
ನಾ ಹೇಳೂದಿಲ್ಲ.

ಸೀರಿ ತಗೊಳ್ಳಲಿಲ್ಲ.
ಬಣ್ಣ ಕೂಡಲಿಲ್ಲ ಅಂದೆ.
ಕೂಡದಿದ್ದದ್ದು ರೊಕ್ಕ, ಅದು ಇಬ್ಬರಿಗೂ ಗೊತ್ತಿತ್ತು.

ತಿರುಗಿ ಬರೂ ಗಾಡ್ಯಾಗ ಇವರು ನಿದ್ದಿ ಹೋದ್ರು,
ಅದ ಚೀಲ ಅವಚಿಕೊಂಡು.
ಹುಲಕೋಟಿ ದಾಟಿದ ಮ್ಯಾಲ ಲೈಟು ಆರಿಸಿದ್ರು.
ಇವರ ಅಂಗಿ ಕಿಸೆದಾಗಿನ ಪುಡಿಕಿ ಬಿಚ್ಚಿ
ಒಂದು ಲವಂಗ ಬಾಯಾಗ ಹಾಕ್ಕೊಂಡೆ,
ಮನ್ಯಾಗ ಅತ್ತಿ ಎಚ್ಚರ ಇರ್ತಾರ.
ಕತ್ತಲದಾಗ ಒಮ್ಮೆಲೆ ಇವರ ದನಿ, ಕಣ್ಣು ಮುಚ್ಚೇ ಇದ್ವು:
"ಅಣ್ಣಿಗೇರಿ... ಯಾರ್ರೀ ಅಣ್ಣಿಗೇರಿ..."
ಹಿಂದಿನ ಸೀಟಿನ್ಯಾಗ ಒಬ್ಬಾಕಿ ಮುದುಕಿ
ಗಂಟು ಎತಗೊಂಡು ಎದ್ದು ನಿಂತಳು.
ನಾ ಕಿಟಕಿ ಹೊರಗ ನೋಡಿದೆ.
ಖರೇನ ಅಣ್ಣಿಗೇರಿ ಬಂದಿತ್ತು.